ಒಂದೇ ಹೊಳ್ಳೆಯ ಸ್ರಾವ: ಭೈರನ ಮೂಗಿನ ಕಾಯಿಲೆ ಪತ್ತೆಯಾದ ಬಗೆ

ನಾಯಿಗಳ ಮೂಗಿನೊಳಗೆ ಬೂಷ್ಟು ಬೆಳೆದು, ಅಲ್ಲಿನ ತೆಳುವಾದ ಸುರುಳಿ ಮೂಳೆಗಳನ್ನು ಕರಗಿಸುತ್ತ ಹಣೆಯ ಸೈನಸ್‌ವರೆಗೂ (ಹಣೆಯ ಮೂಳೆಯೊಳಗಿನ ಗಾಳಿಗೂಡಿನವರೆಗೂ) ಹಬ್ಬುವ ಕಾಯಿಲೆಯೊಂದಿದೆ. ಅದಕ್ಕೆ ಕಾರಣವಾಗುವ ಶಿಲೀಂಧ್ರಗಳಲ್ಲಿ ಮುಖ್ಯವಾದದ್ದು ಆಸ್ಪರ್ಜಿಲಸ್ ಫ್ಯುಮಿಗೇಟಸ್. ಪದವಿಪೂರ್ವ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ ಆಸ್ಪರ್ಜಿಲಸ್ ಹೊಸ ಹೆಸರೇನಲ್ಲ. ವರ್ಷವರ್ಷವೂ ಬ್ರೆಡ್ಡಿನ ಚೂರನ್ನು ಒದ್ದೆ ಮಾಡಿ ಮುಚ್ಚಿಟ್ಟು, ಅದರ ಮೇಲೆ ಬೆಳೆದುದನ್ನು ಸೂಕ್ಷ್ಮದರ್ಶಕದಲ್ಲಿ ವಿದ್ಯಾರ್ಥಿಗಳಿಗೆ ತೋರಿಸಿದವನು ನಾನು. ಎಲ್ಲೆಂದರಲ್ಲಿ ಸಿಗುವ ಈ ಬೂಷ್ಟು ನಮ್ಮ ನಾಯಿಯ ಕಾಯಿಲೆಗೆ ಕಾರಣವೆಂದು ಖಚಿತಪಡಿಸಿಕೊಳ್ಳಲು ಒಂದು ಮಳೆಗಾಲದ ಕೊನೆಯಿಂದ ಬೇಸಿಗೆಯ ಮೊದಲವರೆಗೆ ಓಡಾಡಬೇಕಾಯಿತು. ಅದು ಎಲ್ಲೆಂದರಲ್ಲಿ ಸಿಗುತ್ತದೆ ಎಂಬುದೇ ಆ ವಿಳಂಬಕ್ಕೆ ಅರ್ಧ ಕಾರಣ ಎಂಬುದು ನನಗೆ ಕ್ರಮೇಣ ಅರ್ಥವಾಯಿತು.

ಭೈರ ಜರ್ಮನ್ ಶೆಫರ್ಡ್ ಮಿಶ್ರತಳಿಯ ಗಂಡು ನಾಯಿ. ಆಗ ಅವನಿಗೆ ನಾಲ್ಕು ವರ್ಷ ತುಂಬಿತ್ತು. ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯ ಹಿಂದೆ ಗೊಬ್ಬರದ ಗುಂಡಿ, ಅಡಿಕೆ ಸಿಪ್ಪೆಯ ರಾಶಿ, ಕೊಟ್ಟಿಗೆಗೆ ತಂದು ಹಾಕುವ ದರಗು, ಹುಲ್ಲಿನ ಬಣವೆ ಎಲ್ಲವೂ ಇವೆ. ಅವುಗಳಲ್ಲಿ ಮೂತಿ ತೂರಿಸಿ ಹೆಗ್ಗಣ ಹುಡುಕುವುದು ಅವನ ನಿತ್ಯದ ಕಾಯಕ. ಮೊದಲು ಸೀನು ಬಂತು, ಆಮೇಲೆ ಬಲಗಡೆಯ ಹೊಳ್ಳೆಯಿಂದ ಮಾತ್ರ ನೀರಿನಂಥ ಸ್ರಾವ ಶುರುವಾಯಿತು, ಕೆಲವು ವಾರಗಳಲ್ಲಿ ಅದು ಹಳದಿ ಹಸಿರಿಗೆ ತಿರುಗಿ ಗಟ್ಟಿಯಾಯಿತು. ಒಂದು ದಿನ ಜೋರಾಗಿ ಸೀನಿದಾಗ ಜಗಲಿಯ ಮೇಲೆ ರಕ್ತದ ಹನಿಗಳು ಬಿದ್ದವು. ಹಳ್ಳದ ನೀರು ಕುಡಿಯುವಾಗ ಜಿಗಣೆ ಹೊಕ್ಕಿರಬೇಕು ಎಂದು ನನ್ನ ಹೆಂಡತಿ ಹೇಳಿದಳು. ನಮ್ಮ ಕಡೆ ಅದು ಮೊದಲು ಬರುವ ಅನುಮಾನ. ಸ್ವಲ್ಪ ಹೊತ್ತು ನೀರು ಕೊಡದೆ ಇರಿಸಿ, ಆಮೇಲೆ ನೀರು ತುಂಬಿದ ಪಾತ್ರೆಯ ಮುಂದೆ ಮೂತಿ ಹಿಡಿದರೆ ಜಿಗಣೆ ತಾನಾಗಿ ತಲೆ ಹೊರಹಾಕುತ್ತದೆಂದು ಹೇಳುತ್ತಾರೆ. ಹಾಗೆ ಮಾಡಿ ನೋಡಿದೆವು, ಏನೂ ಕಾಣಿಸಲಿಲ್ಲ.

ಊರಿಗೆ ಹತ್ತಿರದ ಪಶು ಆಸ್ಪತ್ರೆಯ ವೈದ್ಯರು ಮೊದಲ ದಿನವೇ ಮಾಡಿದ ಸರಳವಾದ ಎರಡು ಪರೀಕ್ಷೆಗಳು ಕೊನೆಯವರೆಗೂ ಉಪಯೋಗಕ್ಕೆ ಬಂದವು. ಅವರು ಭೈರನ ಬಾಯಿ ಅಗಲಿಸಿ ಮೇಲಿನ ಕೋರೆಹಲ್ಲು, ದವಡೆಹಲ್ಲುಗಳನ್ನು ಒಂದೊಂದಾಗಿ ನೋಡಿದರು. ಮೇಲ್ದವಡೆಯ ಹಲ್ಲಿನ ಬೇರು ಕೀವಾದರೆ ಅದು ನೇರವಾಗಿ ಮೂಗಿಗೆ ತೂತು ಮಾಡಿಕೊಂಡು ಒಂದೇ ಹೊಳ್ಳೆಯಲ್ಲಿ ಸ್ರಾವ ಉಂಟುಮಾಡಬಲ್ಲುದು. ಹಲ್ಲುಗಳು ಗಟ್ಟಿಯಾಗಿದ್ದವು. ಬಳಿಕ ತಣ್ಣಗಿನ ಗಾಜಿನ ಪಟ್ಟಿಯೊಂದನ್ನು ಮೂಗಿನ ಮುಂದೆ ಹಿಡಿದರು. ಎರಡೂ ಹೊಳ್ಳೆಗಳ ಉಸಿರು ಗಾಜಿನ ಮೇಲೆ ಮಸುಕು ಮೂಡಿಸಿತು. ಸ್ರಾವವಿದ್ದ ಬಲಗಡೆಯ ಮಸುಕೇ ಕೊಂಚ ದೊಡ್ಡದಾಗಿತ್ತು. ‘ಇಷ್ಟು ಸುರಿಯುವ ಮೂಗು ಕಟ್ಟಿಕೊಂಡಿರಬೇಕಿತ್ತಲ್ಲ ಮೇಷ್ಟ್ರೇ’ ಎಂದಷ್ಟೇ ಹೇಳಿ ಅವರು ಅದನ್ನು ಚೀಟಿಯಲ್ಲಿ ಬರೆದಿಟ್ಟರು. ಆ ಸಾಲಿನ ಬೆಲೆ ನಮಗೆ ತಿಳಿದದ್ದು ತಿಂಗಳುಗಳಾದ ಮೇಲೆ. ಗಡ್ಡೆ ಬೆಳೆದಿದ್ದರೆ ಗಾಳಿಯ ದಾರಿ ಮುಚ್ಚುತ್ತದೆ. ಈ ಶಿಲೀಂಧ್ರದ ಕಾಯಿಲೆಯಲ್ಲಿ ಒಳಗಿನ ಮೂಳೆಗಳೇ ಕರಗುವುದರಿಂದ ಅನೇಕ ವೇಳೆ ದಾರಿ ಇನ್ನಷ್ಟು ತೆರೆದುಕೊಳ್ಳುತ್ತದೆ.

ಮೊದಲು ಕೊಟ್ಟ ಆ್ಯಂಟಿಬಯಾಟಿಕ್ಕಿನಿಂದ ಸ್ರಾವ ತಿಳಿಯಾಯಿತು, ಔಷಧ ನಿಂತ ಕೂಡಲೇ ಮರಳಿತು. ಮೂಗಿನಲ್ಲಿ ಮೂಲ ಕಾಯಿಲೆ ಯಾವುದೇ ಇರಲಿ, ಹಾಳಾದ ಪೊರೆಯ ಮೇಲೆ ಬ್ಯಾಕ್ಟೀರಿಯಾಗಳು ಬಂದು ಸೇರಿಕೊಳ್ಳುತ್ತವೆ. ಅವುಗಳ ಪಾಲಿನ ಕೀವು ಕಡಿಮೆಯಾದಾಗ ಗುಣವಾದಂತೆ ಕಾಣುತ್ತದೆ. ನಾಯಿಗಳಲ್ಲಿ ಬರೀ ಬ್ಯಾಕ್ಟೀರಿಯಾದಿಂದಲೇ ಹುಟ್ಟಿ ತಿಂಗಳುಗಟ್ಟಲೆ ಉಳಿಯುವ ಮೂಗಿನ ಸೋಂಕು ಅಪರೂಪವೆಂದು ಆಮೇಲೆ ತಿಳಿಯಿತು. ಆದ್ದರಿಂದ ‘ಔಷಧಕ್ಕೆ ಬಗ್ಗಿತು, ಮತ್ತೆ ಬಂತು’ ಎಂಬುದು ವೈದ್ಯರಿಗೆ ಹೇಳಲೇಬೇಕಾದ ಮಾಹಿತಿ.

ರಕ್ತ ಎರಡನೆಯ ಸಲ ಕಾಣಿಸಿಕೊಂಡಾಗ ವೈದ್ಯರ ಗಮನ ಉಣುಗಿನ ಕಡೆಗೆ ಹೋಯಿತು. ಕರ್ನಾಟಕದಲ್ಲಿ ನಾಯಿಯ ಮೂಗಿನಿಂದ ರಕ್ತ ಬಂದರೆ ಮೊದಲು ಅನುಮಾನಿಸಬೇಕಾದದ್ದು ಉಣುಗುಗಳಿಂದ ಹರಡುವ ಎರ್ಲಿಕಿಯೋಸಿಸ್ ಎಂಬ ಕಾಯಿಲೆಯನ್ನು. ಅದು ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳನ್ನು ಇಳಿಸಿ ರಕ್ತಸ್ರಾವ ಉಂಟುಮಾಡುತ್ತದೆ. ಒಂದು ಹನಿ ರಕ್ತದಲ್ಲಿ ನಿಮಿಷಗಳೊಳಗೆ ಪ್ರತಿಕಾಯಗಳನ್ನು, ಅಂದರೆ ರೋಗಾಣುವಿನ ವಿರುದ್ಧ ದೇಹ ತಯಾರಿಸಿದ ವಸ್ತುಗಳನ್ನು, ತೋರಿಸುವ ಕಿಟ್‌ನಲ್ಲಿ ಭೈರನ ಫಲಿತಾಂಶ ಪಾಸಿಟಿವ್ ಬಂತು. ಅಲ್ಲಿಗೆ ಉತ್ತರ ಸಿಕ್ಕಿತೆಂದು ನಾವೆಲ್ಲ ನೆಮ್ಮದಿಪಟ್ಟೆವು. ವೈದ್ಯರು ಮಾತ್ರ ನೆಮ್ಮದಿಯಾಗಲಿಲ್ಲ. ಪ್ರತಿಕಾಯಗಳಿವೆ ಎಂದರೆ ನಾಯಿಗೆ ಆ ರೋಗಾಣು ಎಂದೋ ಒಮ್ಮೆ ತಗುಲಿತ್ತು ಎಂದಷ್ಟೇ ಅರ್ಥ, ಉಣುಗುಗಳ ನಡುವೆಯೇ ಬದುಕುವ ಮಲೆನಾಡಿನ ನಾಯಿಗಳಲ್ಲಿ ಅದು ಕಂಡರೆ ಆಶ್ಚರ್ಯವಿಲ್ಲ ಎಂದರು. ಪ್ಲೇಟ್‌ಲೆಟ್ ಎಣಿಕೆ ಎರಡೂವರೆ ಲಕ್ಷಕ್ಕಿಂತ ಮೇಲಿತ್ತು, ಅಂದರೆ ಸಹಜ ಮಿತಿಯೊಳಗೇ ಇತ್ತು. ಜ್ವರವಿರಲಿಲ್ಲ, ಒಸಡಿನಲ್ಲಾಗಲಿ ಹೊಟ್ಟೆಯ ಚರ್ಮದಲ್ಲಾಗಲಿ ರಕ್ತದ ಚುಕ್ಕೆಗಳಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ರಕ್ತ ಪ್ರತಿಸಲವೂ ಬಲ ಹೊಳ್ಳೆಯಿಂದಲೇ ಬಂದಿತ್ತು. ರಕ್ತವೇ ಹೆಪ್ಪುಗಟ್ಟದ ಕಾಯಿಲೆಯಾದರೆ ಅದು ಬಲ ಎಡ ಎಂದು ನೋಡಿಕೊಂಡು ಸುರಿಯುವುದು ಕಡಿಮೆ. ಅನುಮಾನಕ್ಕೆ ಆಸ್ಪದವಿರಬಾರದೆಂದು ಆ ಕಾಯಿಲೆಗೆ ಕೊಡುವ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ಕಿನ ಕೋರ್ಸನ್ನು ಪೂರ್ತಿ ಕೊಟ್ಟರು. ಸ್ರಾವ ನಿಲ್ಲಲಿಲ್ಲ.

ಆ ಕೋರ್ಸ್ ಮುಗಿಯುವ ಹೊತ್ತಿಗೆ ಭೈರನ ಮುಖವೇ ಒಂದು ಸುಳಿವು ಕೊಟ್ಟಿತು. ಬಲ ಹೊಳ್ಳೆಯ ಕೆಳ ಅಂಚಿನ ಕಪ್ಪು ಮಾಸಿ ನಸುಗೆಂಪು ಬಣ್ಣಕ್ಕೆ ತಿರುಗಿತ್ತು, ಅದರ ನಡುವೆ ಸಣ್ಣ ಹುಣ್ಣೊಂದು ಹಕ್ಕಳೆ ಕಟ್ಟಿತ್ತು. ಸ್ರಾವ ತಾಗಿ ತಾಗಿ ಹಾಗಾಗಿದೆಯೆಂದು ನಾನು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ಹುಬ್ಬಿನ ಮೇಲ್ಭಾಗ ಮುಟ್ಟಿದರೆ ತಲೆ ಕೊಡವಿ ದೂರ ಸರಿಯುತ್ತಿದ್ದ, ತಲೆ ನೇವರಿಸಿಕೊಳ್ಳಲು ತಾನಾಗಿ ಬರುತ್ತಿದ್ದವನು ಮೂಲೆ ಹಿಡಿದಿದ್ದ. ಮೂಗಿನ ಮೊನೆಯ ಬಣ್ಣಗೇಡು ಮತ್ತು ಹುಣ್ಣು, ಮುಖದ ನೋವು, ಒಂದು ಬದಿಯ ಸ್ರಾವ ಈ ಮೂರೂ ಉದ್ದ ಮೂತಿಯ, ನಡುವಯಸ್ಸು ದಾಟದ ನಾಯಿಯಲ್ಲಿ ಒಟ್ಟಿಗೆ ಕಂಡಾಗ ಶಿಲೀಂಧ್ರವನ್ನು ನೆನೆಯಲೇಬೇಕು ಎಂದು ವೈದ್ಯರು ಹೇಳಿದ್ದು ಆಗಲೇ. ಶಿಲೀಂಧ್ರ ಬಿಡುಗಡೆ ಮಾಡುವ ವಿಷವಸ್ತುಗಳು ಸ್ರಾವದ ಜೊತೆ ಹರಿದು ಬಂದು ಮೂಗಿನ ಮೊನೆಯ ತೊಗಲನ್ನು ಕೆಡಿಸುತ್ತವೆಂಬುದು ಅದಕ್ಕೆ ಕೊಡುವ ವಿವರಣೆ. ಪಗ್‌ನಂಥ ಚಪ್ಪಟೆ ಮೂತಿಯ ತಳಿಗಳಲ್ಲಿ ಈ ಕಾಯಿಲೆ ಕಡಿಮೆ.

ಆದರೂ ಅದು ಅನುಮಾನವಷ್ಟೇ, ನಿರ್ಣಯವಲ್ಲ. ಇದೇ ಚಿತ್ರ ಕೊಡಬಲ್ಲ ಬೇರೆ ಕಾಯಿಲೆಗಳನ್ನು ಅವರು ಹಾಳೆಯ ಮೇಲೆ ಬರೆದು ತೋರಿಸಿದರು. ಮೂಗಿನೊಳಗಿನ ಕ್ಯಾನ್ಸರ್ ಗಡ್ಡೆ ಸಾಮಾನ್ಯವಾಗಿ ವಯಸ್ಸಾದ ನಾಯಿಗಳಲ್ಲಿ ಬರುತ್ತದೆ, ಆದರೆ ಬೀದಿ ನಾಯಿಗಳ ಒಡನಾಟವಿರುವ ಗಂಡು ನಾಯಿಗಳಲ್ಲಿ ಸಂಭೋಗದಿಂದಲೂ ಮೂಸುವುದರಿಂದಲೂ ಹರಡುವ ಟಿ.ವಿ.ಟಿ. ಎಂಬ ಗಡ್ಡೆ ಯಾವ ವಯಸ್ಸಿನಲ್ಲಾದರೂ ಮೂಗಿನಲ್ಲಿ ಬೇರೂರಬಹುದು. ನಮ್ಮ ದೇಶದಲ್ಲಿ ಅದನ್ನು ಮರೆಯುವಂತಿಲ್ಲ. ಹುಲ್ಲಿನ ತೆನೆಯ ಮುಳ್ಳು ಸಿಕ್ಕಿಕೊಂಡಿರಬಹುದು. ರೋಗಾಣುವಿಲ್ಲದೆ ಪೊರೆ ತಾನಾಗಿ ಊದಿಕೊಳ್ಳುವ ದೀರ್ಘಕಾಲದ ಉರಿಯೂತವಿರಬಹುದು. ಇವೆಲ್ಲದರ ಜೊತೆ ರೈನೋಸ್ಪೋರಿಡಿಯೋಸಿಸ್ ಕೂಡ ಇತ್ತು. ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ಮನುಷ್ಯರಲ್ಲೂ ಪ್ರಾಣಿಗಳಲ್ಲೂ ಕಂಡುಬರುವ, ನಿಂತ ನೀರಿನೊಂದಿಗೆ ನಂಟಿರುವ ಈ ಕಾಯಿಲೆಯ ರೋಗಾಣುವನ್ನು ನಾನು ಓದುವ ಕಾಲದಲ್ಲಿ ಶಿಲೀಂಧ್ರವೆಂದೇ ಕಲಿಸುತ್ತಿದ್ದರು. 1990ರ ದಶಕದ ಕೊನೆಯ ಅನುವಂಶಿಕ ಅಧ್ಯಯನಗಳ ನಂತರ ಅದನ್ನು ಮೀನುಗಳ ಕೆಲವು ಪರೋಪಜೀವಿಗಳ ಹತ್ತಿರದ ಬೇರೊಂದು ಗುಂಪಿಗೆ ಸೇರಿಸಿದ್ದಾರೆ. ಅದು ಮೂಗಿನಲ್ಲಿ ಮೆತ್ತಗಿನ ಗುಲಾಬಿ ಬಣ್ಣದ ದುರ್ಮಾಂಸ ಬೆಳೆಸುತ್ತದೆ, ಅದರ ಮೇಲೆ ರವೆಯಷ್ಟು ಸಣ್ಣ ಬಿಳಿ ಚುಕ್ಕೆಗಳಿರುತ್ತವೆ. ಸುಲಭವಾಗಿ ರಕ್ತ ಬರುತ್ತದೆ. ಪಟ್ಟಿಯಲ್ಲಿದ್ದ ಪ್ರತಿಯೊಂದಕ್ಕೂ ಚಿಕಿತ್ಸೆ ಬೇರೆ ಬೇರೆ. ಟಿ.ವಿ.ಟಿ.ಗೆ ವಿನ್‌ಕ್ರಿಸ್ಟಿನ್ ಚುಚ್ಚುಮದ್ದು, ರೈನೋಸ್ಪೋರಿಡಿಯೋಸಿಸ್‌ಗೆ ಶಸ್ತ್ರಚಿಕಿತ್ಸೆ. ಉರಿಯೂತವೆಂದು ಭಾವಿಸಿ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಸ್ಟೀರಾಯ್ಡ್ ಕೊಟ್ಟುಬಿಟ್ಟರೆ, ಒಳಗಿರುವುದು ಆಸ್ಪರ್ಜಿಲಸ್ ಆಗಿದ್ದಲ್ಲಿ ಅದಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ.

ಇಲ್ಲಿ ನನ್ನ ಸಸ್ಯಶಾಸ್ತ್ರ ಮುಂದೆ ಬಂತು. ಸ್ರಾವವನ್ನು ಹತ್ತಿಯ ಕಡ್ಡಿಯಲ್ಲಿ ತೆಗೆದು ಕಲ್ಚರ್ ಮಾಡಿಸಿದರೆ, ಅಂದರೆ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿ ನೋಡಿದರೆ, ಶಿಲೀಂಧ್ರ ಬೆಳೆಯುತ್ತದೋ ಇಲ್ಲವೋ ಗೊತ್ತಾಗುತ್ತದಲ್ಲ ಎಂದು ಕೇಳಿದೆ. ಮಾಡಿಸೋಣ, ಆದರೆ ಬಂದ ಉತ್ತರವನ್ನು ನಂಬಬೇಡಿ ಎಂದರು ವೈದ್ಯರು. ಮಾದರಿ ಪ್ರಯೋಗಾಲಯಕ್ಕೆ ಹೋಯಿತು, ಆಸ್ಪರ್ಜಿಲಸ್ ಬೆಳೆದಿದೆ ಎಂದು ವರದಿ ಬಂತು. ವರದಿಯನ್ನು ಹಿಡಿದು ನಾನು ಆಸ್ಪತ್ರೆಗೆ ಹೋದಾಗ ಅವರು ನಕ್ಕು, ಇದೇ ತಟ್ಟೆಯನ್ನು ನಿಮ್ಮ ಅಂಗಳದಲ್ಲಿ ಮುಚ್ಚಳ ತೆಗೆದಿಟ್ಟರೂ ಇದೇ ವರದಿ ಬರುತ್ತದೆ ಎಂದರು. ಮಾತು ನಿಜ. ಆಸ್ಪರ್ಜಿಲಸ್ ಫ್ಯುಮಿಗೇಟಸ್‌ನ ಬೀಜಕಣಗಳು 2ರಿಂದ 3 ಮೈಕ್ರಾನ್ ಗಾತ್ರದವು, ಕೊಳೆಯುವ ಸೊಪ್ಪುಸದೆಯಿಂದ ಸದಾ ಗಾಳಿಗೆ ಏರುತ್ತವೆ. ಆರೋಗ್ಯವಂತ ನಾಯಿಯ ಮೂಗಿನಲ್ಲೂ ಗಡ್ಡೆ ಬೆಳೆದ ನಾಯಿಯ ಮೂಗಿನಲ್ಲೂ ಅವು ಕೂತಿರುತ್ತವೆ. ಸಾಲದ್ದಕ್ಕೆ ಇದರ ಉಲ್ಟಾ ಕೂಡ ಅಷ್ಟೇ ನಿಜ: ಕಾಯಿಲೆ ಇರುವ ನಾಯಿಯ ಸ್ರಾವದಲ್ಲಿ ಏನೂ ಬೆಳೆಯದೆಯೂ ಹೋಗಬಹುದು, ಏಕೆಂದರೆ ಶಿಲೀಂಧ್ರ ಇರುವುದು ಒಳಗಿನ ಪೊರೆಗೆ ಅಂಟಿಕೊಂಡ ಪದರದಲ್ಲಿ, ಹೊರಗೆ ಹರಿಯುವ ಸಿಂಬಳದಲ್ಲಲ್ಲ. ಇದ್ದರೂ ಸಾಬೀತಾಗದ, ಇಲ್ಲದಿದ್ದರೂ ತಳ್ಳಿಹಾಕಲಾಗದ ಪರೀಕ್ಷೆಗೆ ನಾನು ದುಡ್ಡು ಕೊಟ್ಟಿದ್ದೆ. ಉಣುಗಿನ ಕಿಟ್ ಹೇಳಿದ್ದೂ ಇಂಥದೇ ಅರ್ಧ ಸತ್ಯ ಎಂಬುದು ಆಗ ಹೊಳೆಯಿತು. ರೋಗಾಣು ಎಲ್ಲಿ, ಯಾವ ರೂಪದಲ್ಲಿ, ಏನು ಮಾಡುತ್ತ ಕುಳಿತಿದೆ ಎಂಬುದನ್ನು ನೋಡದೆ ಅದರ ಹೆಸರನ್ನಷ್ಟೇ ಕೇಳಿ ತೀರ್ಮಾನಿಸಲಾಗದು.

ಮಾದರಿಯನ್ನು ಎಲ್ಲಿಂದ ತೆಗೆಯುತ್ತೇವೆ ಎಂಬುದು ಎಷ್ಟು ಮುಖ್ಯ ಎಂಬ ವಿಷಯವನ್ನು 2006ರಲ್ಲಿ ಪ್ರಕಟವಾದ ಇಟಲಿಯ ವೈದ್ಯರ ಅಧ್ಯಯನವೊಂದು ಅಂಕಿಗಳಲ್ಲೇ ತೋರಿಸಿದೆ. ಈ ಕಾಯಿಲೆ ಇದ್ದ 15 ನಾಯಿಗಳಿಂದ ನಾಲ್ಕು ಬಗೆಯಲ್ಲಿ ಮಾದರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ಹುಡುಕಿದರು. ಸ್ರಾವದಿಂದ ನೇರವಾಗಿ ತೆಗೆದ ಮಾದರಿಗಳಲ್ಲಿ ಶೇ. 13ರಷ್ಟರಲ್ಲಿ, ಹೊರಗಿನಿಂದ ಕುರುಡಾಗಿ ಕಡ್ಡಿ ಆಡಿಸಿ ತೆಗೆದವುಗಳಲ್ಲಿ ಶೇ. 20ರಷ್ಟರಲ್ಲಿ ಮಾತ್ರ ಶಿಲೀಂಧ್ರ ಕಂಡಿತು. ದೇಹದೊಳಗೆ ತೂರಿಸಿ ನೋಡುವ ಕೊಳವೆಯಾದ ಎಂಡೋಸ್ಕೋಪ್‌ನಲ್ಲಿ ನೋಡುತ್ತ ಕಾಯಿಲೆಯ ಜಾಗಕ್ಕೇ ಬ್ರಷ್ ಉಜ್ಜಿ ತೆಗೆದಾಗ ಶೇ. 93ರಲ್ಲಿ, ಅದೇ ಜಾಗದ ಚೂರನ್ನು ಕಿತ್ತು ಗಾಜಿನ ಪಟ್ಟಿಗಳ ನಡುವೆ ಒತ್ತಿ ನೋಡಿದಾಗ ಎಲ್ಲ ನಾಯಿಗಳಲ್ಲೂ ಕಂಡಿತು. ನಾಯಿಯೂ ಅದೇ, ಶಿಲೀಂಧ್ರವೂ ಅದೇ. ಮಾದರಿ ಎಲ್ಲಿಂದ ಬಂತು ಎಂಬುದಷ್ಟೇ ಬೇರೆ.

ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಎಕ್ಸ್‌ರೇ ಆಯಿತು. ಎಚ್ಚರವಿರುವ ನಾಯಿಯ ಮುಖದ ಎಕ್ಸ್‌ರೇಯಿಂದ ಹೆಚ್ಚು ಪ್ರಯೋಜನವಿಲ್ಲ. ಅರಿವಳಿಕೆ ಕೊಟ್ಟು, ಬಾಯಿ ಪೂರ್ತಿ ಅಗಲಿಸಿ, ಕೆಳದವಡೆ ಅಡ್ಡ ಬರದಂತೆ ತೆಗೆಯಬೇಕು. ಎಡಗಡೆ ಬಾಚಣಿಗೆಯ ಗೆರೆಗಳಂತೆ ಕಾಣುತ್ತಿದ್ದ ಸುರುಳಿ ಮೂಳೆಗಳ ನೆರಳು ಬಲಗಡೆ ಅರ್ಧ ಮಾಯವಾಗಿ, ಆ ಜಾಗ ಕಪ್ಪಾಗಿತ್ತು. ಗಡ್ಡೆಯಿದ್ದರೆ ಅಲ್ಲಿ ಬೆಳ್ಳಗೆ ಕಾಣುವ ಸಂಭವ ಹೆಚ್ಚು. ಬಲಗಡೆಯ ಹಣೆಯ ಸೈನಸ್ ಮಾತ್ರ ಮಸುಕಾಗಿತ್ತು. ಇವೆಲ್ಲ ಶಿಲೀಂಧ್ರದ ಕಡೆಗೇ ಬೆರಳು ಮಾಡಿದರೂ, ಒಂದರ ಮೇಲೊಂದು ಮೂಳೆಯ ನೆರಳು ಬೀಳುವ ಈ ಚಿತ್ರದಲ್ಲಿ ಮೂಗಿನ ಹಿಂಭಾಗದ ಸ್ಥಿತಿ ತಿಳಿಯುವುದಿಲ್ಲವೆಂದು ಹೇಳಿ, ಸಿ.ಟಿ. ಸ್ಕ್ಯಾನ್ ಮತ್ತು ರೈನೋಸ್ಕೋಪಿ (ಮೂಗಿನೊಳಗೆ ಎಂಡೋಸ್ಕೋಪ್ ಹಾಕಿ ನೋಡುವುದು) ಎರಡೂ ಇರುವ ಕಡೆ ಹೋಗುವಂತೆ ಸೂಚಿಸಿದರು. ಅದು ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಆಯಿತು. ಒಟ್ಟು ಖರ್ಚು ಒಂದು ಕ್ವಿಂಟಲ್ ಅಡಿಕೆ ಮಾರಿದ ದುಡ್ಡಿಗಿಂತ ಹೆಚ್ಚೇ ಬಂತು; ನಾಯಿಗೆ ಇಷ್ಟೊಂದೇ ಎಂದು ಕೇಳಿದ ನೆಂಟರಿಗೆ ನನ್ನ ಹೆಂಡತಿ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ.

ಹೋಗುವ ಮೊದಲೇ ಅವರು ದೂರವಾಣಿಯಲ್ಲಿ ಕೇಳಿದ ಪ್ರಶ್ನೆಗಳಿಂದ ಕೆಲಸದ ಕ್ರಮ ಅರ್ಥವಾಯಿತು. ಬಯಾಪ್ಸಿ, ಅಂದರೆ ಪರೀಕ್ಷೆಗಾಗಿ ಅಂಗಾಂಶದ ಚೂರು ತೆಗೆಯುವ ಕೆಲಸ, ಇರುವುದರಿಂದ ರಕ್ತ ಹೆಪ್ಪುಗಟ್ಟುವ ಕಾಲ, ಪ್ಲೇಟ್‌ಲೆಟ್, ರಕ್ತದೊತ್ತಡ, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆಗಳು ಮೊದಲೇ ಆಗಿರಬೇಕು. ಒಂದೇ ಅರಿವಳಿಕೆಯಲ್ಲಿ ಮೊದಲು ಸಿ.ಟಿ., ಆಮೇಲೆ ಎಂಡೋಸ್ಕೋಪ್, ಕೊನೆಗೆ ಮಾದರಿ ತೆಗೆಯುವುದು. ಈ ಕ್ರಮ ತಪ್ಪಿದರೆ, ಚಿಮಟ ಆಡಿದ ಮೇಲೆ ಸುರಿಯುವ ರಕ್ತ ಮೂಗಿನಲ್ಲಿ ತುಂಬಿಕೊಂಡು ಸ್ಕ್ಯಾನ್‌ನಲ್ಲಿ ಕಾಯಿಲೆಯಂತೆಯೇ ಕಾಣುತ್ತದೆ. ರಕ್ತದಲ್ಲಿ ಆಸ್ಪರ್ಜಿಲಸ್ ವಿರುದ್ಧದ ಪ್ರತಿಕಾಯ ಹುಡುಕುವ ಪರೀಕ್ಷೆಯ ಬಗ್ಗೆಯೂ ನಾನು ವಿಚಾರಿಸಿದೆ. ಅಗಾರ್ ಜೆಲ್‌ನಲ್ಲಿ ಮಾಡುವ ಆ ಪರೀಕ್ಷೆ ಪಾಸಿಟಿವ್ ಬಂದರೆ ಅದಕ್ಕೆ ಒಳ್ಳೆಯ ತೂಕವಿದೆ, ಆದರೆ ಕಾಯಿಲೆಯಿರುವ ನಾಲ್ಕು ನಾಯಿಗಳಲ್ಲಿ ಸುಮಾರು ಒಂದರಲ್ಲಿ ಅದು ನೆಗೆಟಿವ್ ಬರಬಹುದು. ಶಿಲೀಂಧ್ರದ ಕೋಶಗೋಡೆಯ ಒಂದು ಅಂಶವನ್ನು ರಕ್ತದಲ್ಲಿ ಹುಡುಕುವ, ಮನುಷ್ಯರ ಆಸ್ಪತ್ರೆಗಳಲ್ಲಿ ಬಳಸುವ ಗ್ಯಾಲಕ್ಟೋಮ್ಯಾನನ್ ಪರೀಕ್ಷೆ ಮೂಗಿಗಷ್ಟೇ ಸೀಮಿತವಾದ ಈ ಕಾಯಿಲೆಯಲ್ಲಿ ಹೆಚ್ಚು ನೆರವಿಗೆ ಬರುವುದಿಲ್ಲ ಎಂದರು. ಮೊದಲನೆಯದು ನಮ್ಮ ಕೈಗೆಟುಕುವ ಪ್ರಯೋಗಾಲಯದಲ್ಲಿ ಇಲ್ಲದ್ದರಿಂದ ಕಣ್ಣಿಗೆ ಕಾಣುವ ಸಾಕ್ಷ್ಯವನ್ನೇ ನೆಚ್ಚಿಕೊಳ್ಳಬೇಕಾಯಿತು.

ಸ್ಕ್ಯಾನ್‌ನ ಚಿತ್ರಗಳನ್ನು ವೈದ್ಯೆ ಒಂದೊಂದಾಗಿ ಸರಿಸುತ್ತ ವಿವರಿಸಿದರು. ಬಲ ಮೂಗಿನ ಸುರುಳಿ ಮೂಳೆಗಳು ಬಹುಪಾಲು ಇರಲಿಲ್ಲ, ಅಲ್ಲಿ ಟೊಳ್ಳು ಉಂಟಾಗಿತ್ತು. ಉಳಿದ ಪೊರೆ ದಪ್ಪಗಾಗಿತ್ತು. ಹಣೆಯ ಸೈನಸ್‌ನ ಗೋಡೆಯ ಮೂಳೆ ಎಡಗಡೆಗಿಂತ ದಪ್ಪವಾಗಿ ಒರಟಾಗಿತ್ತು, ಒಳಗೆ ಏನೋ ತುಂಬಿತ್ತು. ಗಡ್ಡೆಯಂಥ ಘನವಾದ ಮಾಂಸ ಎಲ್ಲೂ ಕಾಣಲಿಲ್ಲ. ಅವರು ಹೆಚ್ಚು ಹೊತ್ತು ನೋಡಿದ್ದು ಮೂಗು ಮತ್ತು ಮಿದುಳಿನ ನಡುವಿನ, ಜಾಲರಿಯಂತೆ ಸಣ್ಣ ತೂತುಗಳಿರುವ ಕ್ರಿಬ್ರಿಫಾರ್ಮ್ ಎಂಬ ಮೂಳೆಯನ್ನು. ಅದು ಕರಗಿದ್ದರೆ ಮೂಗಿಗೆ ತುಂಬುವ ಔಷಧ ಮಿದುಳಿನ ಕಡೆಗೆ ಸೋರುವ ಅಪಾಯವಿರುತ್ತದೆ, ಚಿಕಿತ್ಸೆಯ ಆಯ್ಕೆಯೇ ಬದಲಾಗುತ್ತದೆ. ಅದು ಗಟ್ಟಿಯಾಗಿಯೇ ಇತ್ತು. ಎಕ್ಸ್‌ರೇಯಲ್ಲಿ ಇದನ್ನು ತಿಳಿಯಲು ಸಾಧ್ಯವೇ ಇರಲಿಲ್ಲ. ನನ್ನ ದೃಷ್ಟಿಯಲ್ಲಿ ಸಿ.ಟಿ.ಗೆ ಕೊಟ್ಟ ಹಣ ಸಾರ್ಥಕವಾದದ್ದು ಈ ಒಂದು ಮೂಳೆಯನ್ನು ನೋಡಿದ್ದರಿಂದ.

ಎಂಡೋಸ್ಕೋಪಿಯನ್ನು ಗಾಜಿನಾಚೆಯ ಪರದೆಯಲ್ಲಿ ನೋಡಲು ಅವಕಾಶ ಕೊಟ್ಟರು. ಶ್ವಾಸನಾಳಕ್ಕೆ ಕೊಳವೆ ಇಳಿಸಿದ ಮೇಲೆ, ತೊಳೆದ ನೀರೂ ರಕ್ತವೂ ಕೆಳಗಿಳಿಯದಂತೆ ಗಂಟಲಿಗೆ ಬಟ್ಟೆಯ ಸುರುಳಿ ತುರುಕಿದರು. ಮೊದಲು ಬಾಗುವ ಸ್ಕೋಪನ್ನು ಬಾಯಿಯ ಮೂಲಕ ಒಯ್ದು ಮೃದು ಅಂಗುಳಿನ ಹಿಂದೆ ತಿರುಗಿಸಿ ಮೂಗಿನ ಹಿಂಬಾಗಿಲನ್ನು ನೋಡಿದರು, ಅಲ್ಲಿ ಏನೂ ಇರಲಿಲ್ಲ. ಬಳಿಕ ಆರೋಗ್ಯವಾಗಿದ್ದ ಎಡ ಹೊಳ್ಳೆ. ನಸುಗೆಂಪು ಮಡಿಕೆಗಳು ಒತ್ತೊತ್ತಾಗಿದ್ದು, 2.7 ಮಿಲಿಮೀಟರಿನ ಸ್ಕೋಪ್ ಕೂಡ ಅವುಗಳ ನಡುವೆ ಕಷ್ಟದಿಂದ ನುಸುಳಬೇಕಿತ್ತು. ಬಲ ಹೊಳ್ಳೆಗೆ ಹೋದಾಗ ವ್ಯತ್ಯಾಸ ತಿಳಿಯಲು ಯಾರ ವಿವರಣೆಯೂ ಬೇಕಿರಲಿಲ್ಲ. ಕೀವನ್ನು ಸಲೈನ್‌ನಿಂದ ತೊಳೆದಂತೆಲ್ಲ ಮಡಿಕೆಗಳಿಲ್ಲದ ಒಂದು ಗುಹೆ ತೆರೆದುಕೊಂಡಿತು, ಸ್ಕೋಪ್ ಯಾವುದಕ್ಕೂ ತಾಗದೆ ಒಳಗೆ ಸಾಗಿತು. ಹಿಂಭಾಗದಲ್ಲಿ, ಹಣೆಯ ಸೈನಸ್‌ಗೆ ಏರುವ ದಾರಿಯ ಬಾಯಲ್ಲಿ, ಬೂದು ಬಿಳುಪಿನ ನಡುವೆ ಹಸಿರು ಛಾಯೆಯಿದ್ದ, ನವಿರು ನವಿರಾದ ಪದರವೊಂದು ಗೋಡೆಗೆ ಅಂಟಿಕೊಂಡಿತ್ತು. ಸೈನಸ್‌ನ ಬಾಯಿಯೂ ಅಗಲವಾಗಿದ್ದರಿಂದ ಸ್ಕೋಪ್ ಒಳಗೇ ಹೋಯಿತು, ಅಲ್ಲಿ ಅದೇ ಪದರ ಇನ್ನೂ ದಪ್ಪಗಿತ್ತು. ಕೆಲವು ನಾಯಿಗಳಲ್ಲಿ ಮೂಗಿನಲ್ಲಿ ಏನೂ ಇಲ್ಲದೆ ಶಿಲೀಂಧ್ರ ಸೈನಸ್‌ನಲ್ಲಿ ಮಾತ್ರ ಅಡಗಿರುತ್ತದೆ, ದಾರಿ ಸಿಗದಿದ್ದರೆ ಹಣೆಯ ಮೂಳೆಗೆ ಸಣ್ಣ ರಂಧ್ರ ಕೊರೆದು ನೋಡಬೇಕಾಗುತ್ತದೆ ಎಂದು ಅವರು ಮೊದಲೇ ನನ್ನಿಂದ ಒಪ್ಪಿಗೆ ಪಡೆದಿದ್ದರು, ಅದು ಬೇಕಾಗಲಿಲ್ಲ.

ಅಷ್ಟು ಸ್ಪಷ್ಟವಾಗಿ ಕಂಡ ಮೇಲೂ ಅವರು ಶಿಲೀಂಧ್ರವೆಂದು ಬರೆಯಲಿಲ್ಲ. ಒಣಗಿದ ಕೀವಿನ ಪದರವೂ ಕೆಲವೊಮ್ಮೆ ಹೀಗೆ ಕಾಣುತ್ತದಂತೆ. ಚಿಮಟವನ್ನು ಹೊರಗೆ ಭೈರನ ಮುಖದ ಮೇಲೆ ಇಟ್ಟು, ಹೊಳ್ಳೆಯಿಂದ ಕಣ್ಣಿನ ಒಳಮೂಲೆಯವರೆಗಿನ ಉದ್ದ ಅಳೆದು, ಅದರ ಮೇಲೆ ಅಂಟುಪಟ್ಟಿಯ ಗುರುತು ಹಾಕಿದರು. ಆ ಗುರುತಿಗಿಂತ ಒಳಗೆ ಕಣ್ಣಿಗೆ ಕಾಣದೆ ಚಿಮಟ ತೂರಿಸಿದರೆ ಜಾಲರಿ ಮೂಳೆಗೆ ತಗುಲಬಹುದು. ತೆಗೆದ ಚೂರುಗಳನ್ನು ಬೇರೆ ಬೇರೆ ಮಾಡಿದರು: ಪದರದ ಚೂರುಗಳು, ಪದರದ ಬುಡದ ಪೊರೆಯ ಚೂರುಗಳು, ಪದರವಿಲ್ಲದ ಜಾಗದ ಪೊರೆ. ಸ್ವಲ್ಪ ಫಾರ್ಮಲಿನ್‌ಗೆ ಹೋಯಿತು, ಕಲ್ಚರ್‌ಗೆ ಕಳಿಸುವುದನ್ನು ಶುದ್ಧ ಸಲೈನ್‌ನಲ್ಲಿ ಇಟ್ಟರು, ಏಕೆಂದರೆ ಫಾರ್ಮಲಿನ್‌ನಲ್ಲಿ ಬಿದ್ದದ್ದು ಮತ್ತೆ ಬೆಳೆಯುವುದಿಲ್ಲ. ಒಂದು ಚೂರನ್ನು ಅಲ್ಲೇ ಎರಡು ಗಾಜಿನ ಪಟ್ಟಿಗಳ ನಡುವೆ ಒತ್ತಿ, ಬಣ್ಣ ಹಾಕಿ, ‘ಬನ್ನಿ ಸರ್, ಇದು ನಿಮ್ಮ ವಿಷಯ’ ಎಂದು ಕರೆದರು.

ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಬೀಜಕಣಗಳಲ್ಲ, ತಂತುಗಳು. ಒಂದೇ ಅಗಲದ, ಅಲ್ಲಲ್ಲಿ ಅಡ್ಡಗೋಡೆಗಳಿರುವ, ಸುಮಾರು 45 ಡಿಗ್ರಿ ಕೋನದಲ್ಲಿ ಎರಡಾಗಿ ಕವಲೊಡೆಯುವ ತಂತುಗಳ ಹೆಣಿಗೆ. ಗಾಳಿಯಿಂದ ಬಂದು ಕೂತ ಬೀಜಕಣ ಎಲ್ಲರ ಮೂಗಿನಲ್ಲೂ ಇರಬಹುದು, ಆದರೆ ತಂತುಗಳ ಚಾಪೆ ಹೆಣೆಯಬೇಕಾದರೆ ಅದು ಅಲ್ಲೇ ಮೊಳೆತು ಬೆಳೆದಿರಬೇಕು. ಅಂಗಳದಲ್ಲಿಟ್ಟ ತಟ್ಟೆಯ ಮಾತಿಗೆ ಉತ್ತರ ಇಲ್ಲಿತ್ತು. ತಂತುಗಳನ್ನಷ್ಟೇ ನೋಡಿ ಆಸ್ಪರ್ಜಿಲಸ್ ಎಂದು ಖಚಿತವಾಗಿ ಹೇಳಲು ಮಾತ್ರ ಬರುವುದಿಲ್ಲ, ಪೆನಿಸಿಲಿಯಮ್ ಮೊದಲಾದವೂ ಹೀಗೇ ಕಾಣುತ್ತವೆ. ಅದಕ್ಕಾಗಿ ಕಲ್ಚರ್ ಬೇಕು. ಹೊರಗಿನ ಸ್ರಾವದಿಂದ ಬೆಳೆಸಿದಾಗ ಅರ್ಥವಿಲ್ಲದ ಪರೀಕ್ಷೆ ಕಾಯಿಲೆಯ ಪದರದಿಂದಲೇ ಬೆಳೆಸಿದಾಗ ಅರ್ಥಪೂರ್ಣವಾಗುತ್ತದೆ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟ ತಟ್ಟೆಯಲ್ಲಿ ಹೊಗೆ ಹಸಿರು ಬಣ್ಣದ ಆಸ್ಪರ್ಜಿಲಸ್ ಫ್ಯುಮಿಗೇಟಸ್ ಬೆಳೆಯಿತು.

ಅಂಗಾಂಶ ಪರೀಕ್ಷೆಯ ವರದಿಯನ್ನು ನಾನು ಇನ್ನೂ ಜೋಪಾನವಾಗಿಟ್ಟಿದ್ದೇನೆ. ಪದರವಿಲ್ಲದ ಜಾಗದ ಪೊರೆಯಲ್ಲಿ ದೀರ್ಘಕಾಲದ ಉರಿಯೂತವಿದೆ, ರೋಗಾಣು ಕಂಡಿಲ್ಲ ಎಂದಿತ್ತು. ಬುಡದ ಪೊರೆಯಲ್ಲೂ ಉರಿಯೂತ ಮತ್ತು ಹುಣ್ಣು, ಅಂಗಾಂಶದೊಳಗೆ ಶಿಲೀಂಧ್ರವಿಲ್ಲ. ಶಿಲೀಂಧ್ರವನ್ನು ಎತ್ತಿ ತೋರಿಸುವ ಪಿ.ಎ.ಎಸ್. ಮತ್ತು ಬೆಳ್ಳಿಯ ಬಣ್ಣ ಹಾಕಿದ ಮೇಲೆ ತಂತುಗಳು ದಟ್ಟವಾಗಿ ಕಂಡದ್ದು ಮೇಲಿನ ಪದರದ ಚೂರುಗಳಲ್ಲಿ ಮಾತ್ರ. ಉಳಿದಂತೆ ಆರೋಗ್ಯವಾಗಿರುವ ನಾಯಿಯ ಮೂಗಿನಲ್ಲಿ ಈ ಶಿಲೀಂಧ್ರ ಸಾಮಾನ್ಯವಾಗಿ ಪೊರೆಯನ್ನು ಕೊರೆದು ಒಳಹೋಗುವುದಿಲ್ಲ, ಮೇಲ್ಮೈಯಲ್ಲೇ ಕೂತು ತನ್ನ ವಿಷವಸ್ತುಗಳಿಂದಲೂ ದೇಹದ ಪ್ರತಿರೋಧವನ್ನು ಕೆರಳಿಸುವುದರಿಂದಲೂ ಮೂಳೆ ಹಾಳುಮಾಡುತ್ತದೆ. ಯಾರಾದರೂ ಕುರುಡಾಗಿ ಒಂದೆರಡು ಚೂರು ಪೊರೆಯನ್ನಷ್ಟೇ ತೆಗೆದು ಕಳಿಸಿದ್ದರೆ, ಭೈರನಿಗೆ ‘ಉರಿಯೂತ’ ಎಂಬ ನಿರ್ಣಯವೂ, ಅದರ ಬೆನ್ನಿಗೇ ಸ್ಟೀರಾಯ್ಡೂ ಸಿಗುವ ಸಾಧ್ಯತೆ ಧಾರಾಳವಾಗಿತ್ತು.

ಮನೆಯಲ್ಲಿರುವವರಿಗೆ ಅಂಟುತ್ತದೆಯೇ ಎಂಬ ಪ್ರಶ್ನೆಗೆ, ನಾಯಿಯಿಂದ ಮನುಷ್ಯರಿಗೆ ಇದು ಹರಡುವ ಕಾಯಿಲೆಯಲ್ಲ, ನಾಯಿ ಉಸಿರಾಡುವ ಬೀಜಕಣಗಳನ್ನೇ ನೀವೂ ಉಸಿರಾಡುತ್ತಿದ್ದೀರಿ ಎಂಬ ಉತ್ತರ ಬಂತು. ರೋಗನಿರೋಧಕ ಶಕ್ತಿ ಕುಗ್ಗಿದವರು ಮನೆಯಲ್ಲಿದ್ದರೆ ಅವರು ದೂರವಿರಬೇಕಾದದ್ದು ಬೂಷ್ಟು ಹಿಡಿದ ಸಿಪ್ಪೆಯ ರಾಶಿಯಿಂದ. ಹಾಗಾಗಿ ರಾಶಿಯನ್ನು ತೋಟದ ಆಚೆ ಬದಿಗೆ ಸಾಗಿಸಿದೆವು, ಆದರೆ ಮಲೆನಾಡಿನಲ್ಲಿ ಬೂಷ್ಟಿಲ್ಲದ ಜಾಗ ಹುಡುಕುವುದು ವ್ಯರ್ಥ.

ಚಿಕಿತ್ಸೆಯನ್ನು ಚುಟುಕಾಗಿ ಹೇಳುವುದಾದರೆ, ಪದರಗಳನ್ನು ಸಾಧ್ಯವಾದಷ್ಟು ಕೆರೆದು ತೊಳೆದು, ಮೂಗಿನ ಹಿಂದು ಮುಂದನ್ನು ಬಲೂನ್ ಕೊಳವೆಗಳಿಂದ ಮುಚ್ಚಿ, ಶೇ. 1ರ ಕ್ಲೋಟ್ರಿಮಜೋಲ್ ದ್ರಾವಣವನ್ನು ತುಂಬಿ ಒಂದು ಗಂಟೆ ಇರಿಸಿದರು. ಔಷಧ ಎಲ್ಲ ಮೂಲೆಗೂ ತಾಗುವಂತೆ ನಡುನಡುವೆ ಭೈರನನ್ನು ಮಗ್ಗುಲು ಬದಲಿಸುತ್ತ ಮಲಗಿಸಿದರು. ಬಾಯಿಯ ಮೂಲಕ ಕೊಡುವ ಮಾತ್ರೆಗಳಿಗಿಂತ ಈ ಕ್ರಮ ಹೆಚ್ಚು ಫಲಕಾರಿ, ಆದರೂ ಅನೇಕ ನಾಯಿಗಳಿಗೆ ಒಮ್ಮೆಗೆ ಮುಗಿಯುವುದಿಲ್ಲ. ಭೈರನಿಗೂ ಮುಗಿಯಲಿಲ್ಲ. ಸುಮಾರು ತಿಂಗಳ ನಂತರ ಹೊರಗಿನ ಸ್ರಾವ ನಿಂತು, ಮೂಗಿನ ಮೊನೆಗೆ ಕಪ್ಪು ಮರಳುತ್ತಿದ್ದಾಗಲೂ, ಪುನಃ ಸ್ಕೋಪ್ ಹಾಕಿ ನೋಡಿದಾಗ ಸೈನಸ್‌ನ ಮೂಲೆಯಲ್ಲಿ ಸಣ್ಣ ಪದರವೊಂದು ಉಳಿದಿತ್ತು. ಅದರ ಒತ್ತಿದ ಚೂರಿನಲ್ಲಿ ತಂತುಗಳೂ ಇದ್ದವು. ಗುಣವಾಯಿತೇ ಎಂಬುದನ್ನು ಲಕ್ಷಣಗಳಿಂದಾಗಲಿ, ವಾಸಿಯಾದ ಮೇಲೂ ಬಹುಕಾಲ ರಕ್ತದಲ್ಲಿ ಉಳಿಯಬಹುದಾದ ಪ್ರತಿಕಾಯಗಳಿಂದಾಗಲಿ ಅಳೆಯಲು ಬಾರದೆಂದು ವೈದ್ಯೆ ಮೊದಲೇ ಎಚ್ಚರಿಸಿದ್ದರು. ಅದೇ ಚಿಕಿತ್ಸೆ ಮತ್ತೊಮ್ಮೆ ಆಯಿತು. ಅದಾದ ಮೇಲಿನ ಸ್ಕೋಪ್‌ನಲ್ಲಿ ಪದರವಿರಲಿಲ್ಲ, ಚೂರುಗಳಲ್ಲಿ ತಂತುಗಳೂ ಇರಲಿಲ್ಲ.

ಕರಗಿದ ಮೂಳೆ ಮರಳಿ ಬೆಳೆಯುವುದಿಲ್ಲವಾದ್ದರಿಂದ ಭೈರನ ಬಲ ಹೊಳ್ಳೆ ಚಳಿಯ ಬೆಳಗುಗಳಲ್ಲಿ ಈಗಲೂ ತೆಳ್ಳಗೆ ಸೋರುತ್ತದೆ. ಅದು ತಿಳಿಯಾಗಿರುವವರೆಗೆ ಏನೂ ಮಾಡಬೇಕಿಲ್ಲ. ಬಣ್ಣ ತಿರುಗಿದರೆ, ರಕ್ತ ಕಂಡರೆ, ಅಥವಾ ಮೂಗಿನ ಮೊನೆಯ ಕಪ್ಪು ಮತ್ತೆ ಮಾಸತೊಡಗಿದರೆ, ಯಾವ ಔಷಧವನ್ನೂ ಶುರುಮಾಡುವ ಮೊದಲು ಸ್ಕೋಪ್ ಹಾಕಿಸಿ ಮಾದರಿ ತೆಗೆಸಬೇಕೆಂದು ಬಿಡುಗಡೆಯ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ.